ಸಣ್ಣ ಮಸಾಲೆ ಪುಡಿ ಘಟಕದ ಖರೀದಿ, ದಾಸ್ತಾನು, ಉತ್ಪಾದನೆ, ಸರಬರಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೆ ಒಂದರಿಂದ ಹತ್ತು ಟನ್‌ವರೆಗೆ ಖಾರದ ಪುಡಿ, ಸಾಂಬಾರ್ ಪುಡಿ, ರಸಂ ಪುಡಿ ಮಾಡುವ ಘಟಕಗಳಿಂದ ಬರುವ ಪ್ರಶ್ನೆಗಳು ಇಲ್ಲಿವೆ. ಲೆಕ್ಕಗಳೆಲ್ಲ ಒಂದೇ ಮಾದರಿ ಘಟಕದವು: ವರ್ಷಕ್ಕೆ 300 ಕೆಲಸದ ದಿನ, ದಿನಕ್ಕೆ 100 ಗ್ರಾಂನ 1,200 ಪೌಚ್, ಅಂದರೆ 120 ಕಿಲೋ. ಬೆಲೆ, ಬಡ್ಡಿ, ಬಾಡಿಗೆಯ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

## ಮೊದಲು ತಿಳಿಯಬೇಕಾದವು

ಆಪರೇಷನ್ಸ್, ಸಪ್ಲೈ ಚೈನ್ ಅಂತ ಎರಡು ಹೆಸರು ಹೇಳ್ತಾರೆ. ಎರಡೂ ಒಂದೇ ಅಲ್ವಾ?

ಗೇಟಿನ ಒಳಗೆ ನಡೆಯುವುದು ಆಪರೇಷನ್ಸ್: ತೊಟ್ಟು ಬಿಡಿಸುವುದು, ಹುರಿಯುವುದು, ಬೀಸುವುದು, ಜರಡಿ, ತುಂಬುವುದು, ಸೀಲ್ ಮಾಡುವುದು. ಬ್ಯಾಡಗಿ ಮಾರುಕಟ್ಟೆಯ ದಲಾಲರ ಅಂಗಡಿಯಿಂದ ಹಿಡಿದು ಹಳ್ಳಿಯ ಕಿರಾಣಿ ಅಂಗಡಿಯ ಗೂಟಕ್ಕೆ ನಿಮ್ಮ ಪೌಚ್ ನೇತುಬೀಳುವವರೆಗಿನ ಇಡೀ ದಾರಿ ಸಪ್ಲೈ ಚೈನ್. ಆ ದಾರಿಯಲ್ಲಿ ಸರಕು ಮುಂದೆ ಹೋಗುತ್ತದೆ, ದುಡ್ಡು ಹಿಂದಕ್ಕೆ ಬರುತ್ತದೆ, ಮಾಹಿತಿ ಎರಡೂ ಕಡೆ ಓಡಾಡಬೇಕು. ಸಣ್ಣ ಘಟಕಗಳಲ್ಲಿ ಸರಕಿನ ಮೇಲೆ ಎಲ್ಲರ ಕಣ್ಣಿರುತ್ತದೆ, ದುಡ್ಡಿನ ಮೇಲೆ ಮಾಲೀಕರ ಕಣ್ಣಿರುತ್ತದೆ, ಮಾಹಿತಿಯನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇರುವುದಿಲ್ಲ. ಕೆಳಗಿನ ಬಹಳಷ್ಟು ತೊಂದರೆಗಳು ಹುಟ್ಟುವುದು ಅಲ್ಲೇ.

ಗೋಡೌನ್ ತುಂಬ ಮಾಲಿದೆ. ಆದ್ರೂ ಆರ್ಡರ್ ಬಂದಾಗ ಬೇಕಾದ್ದೇ ಇರಲ್ಲ. ಯಾಕೆ ಹೀಗೆ?

ಒಟ್ಟು ದಾಸ್ತಾನು ಎಷ್ಟಿದ್ದರೂ ಆರ್ಡರ್ ಹೊರಡುವುದು ಅದರಲ್ಲಿನ ಪ್ರತಿಯೊಂದು ಭಾಗವೂ ಇದ್ದರೆ ಮಾತ್ರ. 100 ಗ್ರಾಂನ ಒಂದು ಪೌಚ್‌ಗೆ ಪುಡಿ ಬೇಕು, ಮುದ್ರಿತ ಲ್ಯಾಮಿನೇಟ್ (ಪೌಚ್ ಮಾಡುವ ಪದರದ ಹಾಳೆ) ಬೇಕು, ದಿನಾಂಕ ಹೊಡೆಯುವ ಇಂಕು ಬೇಕು, ರಟ್ಟಿನ ಪೆಟ್ಟಿಗೆ, ಟೇಪು ಬೇಕು. ಈ ಐದೂ ವಸ್ತು ಪ್ರತ್ಯೇಕವಾಗಿ 95% ದಿನ ಸಿಗುತ್ತವೆ ಎಂದುಕೊಂಡರೂ, ಐದೂ ಒಟ್ಟಿಗೆ ಇರುವ ಸಾಧ್ಯತೆ 77% ಮಾತ್ರ (0.95 ಅನ್ನು ಐದು ಸಲ ಗುಣಿಸಿ ನೋಡಿ).

ದಾಸ್ತಾನನ್ನು ಎ, ಬಿ, ಸಿ ಎಂದು ವಿಂಗಡಿಸುವ ಹಳೆಯ ಪದ್ಧತಿ ಇಲ್ಲಿ ಅರ್ಧ ಮಾತ್ರ ಸಹಾಯ ಮಾಡುತ್ತದೆ. ವರ್ಷದ ಖರೀದಿ ಮೊತ್ತದಲ್ಲಿ ಸುಮಾರು 70ರಿಂದ 80% ತಿನ್ನುವ ಕೆಲವೇ ವಸ್ತುಗಳು ಎ ಗುಂಪು. ನಿಮ್ಮಲ್ಲಿ ಅದು ಮೆಣಸಿನಕಾಯಿ, ಕೊತ್ತಂಬರಿ ಬೀಜ, ಬಹುಶಃ ಜೀರಿಗೆ. ಅವುಗಳಿಗೆ ವಾರವಾರ ಲೆಕ್ಕ. ಇಂಕು, ಟೇಪು ಸಿ ಗುಂಪು. ಆದರೆ ಲೈನ್ ನಿಲ್ಲಿಸುವುದು ಹೆಚ್ಚಾಗಿ ಈ ಸಿ ಗುಂಪೇ. ಅಗ್ಗದ ವಸ್ತುವನ್ನು ಮಿತಿ ಹಾಕಿ ತರುವುದರಲ್ಲಿ ಯಾವ ಲಾಭವೂ ಇಲ್ಲ. ಎರಡು ಡಬ್ಬಿ ಇಡಿ, ಒಂದು ಖಾಲಿಯಾದ ದಿನವೇ ಇನ್ನೊಂದಕ್ಕೆ ಹೇಳಿ. ಅದಕ್ಕೆ ಪುಸ್ತಕವೂ ಬೇಡ, ಸಾಫ್ಟ್‌ವೇರೂ ಬೇಡ.

ಪುಸ್ತಕದಲ್ಲಿರೋ ಸ್ಟಾಕು, ಗೋಡೌನಲ್ಲಿರೋ ಸ್ಟಾಕು ಯಾವತ್ತೂ ತಾಳೆ ಆಗಲ್ಲ. ಕಳ್ಳತನ ಆಗ್ತಿದೆಯಾ?

ಕಳ್ಳತನದ ಅನುಮಾನಕ್ಕಿಂತ ಮೊದಲು ತೇವಾಂಶದ ಲೆಕ್ಕ ಹಾಕಿ. 12% ತೇವಾಂಶವಿರುವ 1,000 ಕಿಲೋ ಮೆಣಸಿನಕಾಯಿಯಲ್ಲಿ ಒಣ ಭಾಗ 880 ಕಿಲೋ. ಅದು ಒಣಗಿ 10%ಕ್ಕೆ ಇಳಿದರೆ ಒಟ್ಟು ತೂಕ 880 ÷ 0.90, ಅಂದರೆ 978 ಕಿಲೋ. ಯಾರೂ ಮುಟ್ಟದೆ 22 ಕಿಲೋ ಹೋಯಿತು. ಅದರ ಮೇಲೆ ತೊಟ್ಟು, ಕಸ, ಒಡೆದ ಬೀಜ, ಪಲ್ವರೈಸರ್‌ನ (ಬೀಸುವ ಯಂತ್ರದ) ಧೂಳು, ಜರಡಿಯಲ್ಲಿ ಉಳಿದದ್ದು.

ಆದ್ದರಿಂದ ಪ್ರತಿ ಹಂತದ ಹಾನಿಯನ್ನು ಬೇರೆ ಬೇರೆ ಬರೆಯಿರಿ: ಬಂದ ತೂಕ, ತೊಟ್ಟು ಬಿಡಿಸಿದ ಮೇಲಿನ ತೂಕ, ಹುರಿದ ಮೇಲಿನ ತೂಕ, ಪುಡಿಯ ತೂಕ, ಪ್ಯಾಕ್ ಆದ ತೂಕ. ಹತ್ತು ಬ್ಯಾಚ್ ಬರೆದರೆ ನಿಮ್ಮ ಘಟಕದ ಸಹಜ ಹಾನಿ ಎಷ್ಟೆಂದು ಗೊತ್ತಾಗುತ್ತದೆ. ಅದರಾಚೆ ಹೋದದ್ದನ್ನು ಮಾತ್ರ ವಿಚಾರಿಸಿದರೆ ಸಾಕು.

ಇನ್ನೊಂದು ಮೂಲ ಪೌಚ್ ತುಂಬುವ ಜಾಗ. 100 ಗ್ರಾಂ ಎಂದು ಮುದ್ರಿಸಿದ್ದರೆ ಕಡಿಮೆ ಬರಬಾರದು ಎಂದು ಕೆಲಸದವರು 103 ಗ್ರಾಂ ತುಂಬುತ್ತಾರೆ. ದಿನಕ್ಕೆ 1,200 ಪೌಚ್ ಎಂದರೆ 3.6 ಕಿಲೋ, ವರ್ಷಕ್ಕೆ 1,080 ಕಿಲೋ. ಒಂದು ಟನ್‌ಗಿಂತ ಹೆಚ್ಚು ಪುಡಿ ಬಿಟ್ಟಿಯಾಗಿ ಹೋಗುತ್ತದೆ. ತಕ್ಕಡಿಯನ್ನು ದಿನಾ ಬೆಳಿಗ್ಗೆ ಪರಿಶೀಲನಾ ತೂಕದ ಕಲ್ಲಿಟ್ಟು ನೋಡಿ, ಗಂಟೆಗೊಮ್ಮೆ ಹತ್ತು ಪೌಚ್ ತೂಗಿ.

ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ ಮೂರು ವಸ್ತು ಎಣಿಸಿ. ವ್ಯತ್ಯಾಸ ಸಿಕ್ಕರೆ ಕಾರಣ ಇನ್ನೂ ಹಸಿಯಾಗಿರುತ್ತದೆ. ವರ್ಷದ ಕೊನೆಗೆ ಸಿಕ್ಕ ವ್ಯತ್ಯಾಸಕ್ಕೆ ಯಾರಿಗೂ ಕಾರಣ ನೆನಪಿರುವುದಿಲ್ಲ.

ಹಳೇ ಮಾಲು ಮೊದಲು ಹೋಗ್ಬೇಕು ಅಂತ ಹೇಳಿದ್ರೂ ಹಿಂದೆ ಉಳ್ಕೊಳ್ಳುತ್ತೆ. ಏನ್ ಮಾಡೋದು?

ಹೇಳಿ ಪ್ರಯೋಜನವಿಲ್ಲ, ಜಾಗ ಬದಲಿಸಿ. ಗೋಡೆಗೆ ಒತ್ತಿ ಇಟ್ಟ ಸಾಲಿನಲ್ಲಿ ಕೊನೆಗೆ ಬಂದದ್ದೇ ಮೊದಲು ಕೈಗೆ ಸಿಗುತ್ತದೆ. ಎರಡು ಬದಿಯಿಂದಲೂ ಹೋಗಲು ದಾರಿ ಬಿಟ್ಟು, ಒಂದು ಬದಿಯಿಂದ ಇಟ್ಟು ಇನ್ನೊಂದು ಬದಿಯಿಂದ ತೆಗೆಯಿರಿ. ಜಾಗವಿಲ್ಲದಿದ್ದರೆ ಪ್ರತಿ ಸಾಲಿಗೂ ತಿಂಗಳಿಗೊಂದು ಬಣ್ಣದ ಚೀಟಿ. ಬಳಕೆಯ ಅವಧಿ ಯಾವುದಕ್ಕೆ ಬೇಗ ಮುಗಿಯುತ್ತದೋ ಅದು ಮೊದಲು ಹೊರಡಬೇಕು. ಬಂದ ದಿನಾಂಕ ಎರಡನೆಯದು. ವಾಪಸ್ ಬಂದ ಪೆಟ್ಟಿಗೆಗಳ ವಿಷಯದಲ್ಲಿ ಇದು ಮುಖ್ಯ: ಅವು ಗೋಡೌನ್‌ಗೆ ಇವತ್ತು ಬಂದಿರುತ್ತವೆ, ಆಯುಸ್ಸು ಮಾತ್ರ ಅರ್ಧ ಕಳೆದಿರುತ್ತದೆ.

## ಎಷ್ಟು ಕೊಳ್ಳಬೇಕು, ಯಾವಾಗ ಕೊಳ್ಳಬೇಕು

ಪೌಚ್ ಎಷ್ಟು ಉಳಿದಾಗ ಮತ್ತೆ ಆರ್ಡರ್ ಹಾಕ್ಬೇಕು?

ಮಾಲು ಬರುವವರೆಗೆ ಖರ್ಚಾಗುವಷ್ಟು, ಜೊತೆಗೆ ಅನಿಶ್ಚಿತತೆಗೆ ಒಂದಿಷ್ಟು ಉಳಿದಿರುವಾಗಲೇ ಹಾಕಬೇಕು. ಆ 'ಒಂದಿಷ್ಟು' ಎಷ್ಟೆಂಬುದರಲ್ಲೇ ಎಲ್ಲರೂ ಎಡವುವುದು, ಆದ್ದರಿಂದ ಲೆಕ್ಕ ಪೂರ್ತಿ ಇಲ್ಲಿದೆ.

ದಿನದ ಬಳಕೆ ಸರಾಸರಿ 1,200, ಏರಿಳಿತ 300. ಲ್ಯಾಮಿನೇಟ್ ಮುದ್ರಿಸುವವರು ಸರಾಸರಿ 20 ಕೆಲಸದ ದಿನಕ್ಕೆ ಕೊಡುತ್ತಾರೆ, ಏರಿಳಿತ 4 ದಿನ. ಏರಿಳಿತ ಎಂದರೆ ಪ್ರಮಾಣಿತ ವಿಚಲನೆ: ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಳತೆ. ಕಳೆದ ಹತ್ತು ಹದಿನೈದು ಆರ್ಡರ್‌ಗಳ ದಿನಗಳನ್ನು ಎಕ್ಸೆಲ್‌ನಲ್ಲಿ ಹಾಕಿದರೆ ಅದೇ ಲೆಕ್ಕ ಮಾಡಿಕೊಡುತ್ತದೆ.

ಮೊದಲ ಹೆಜ್ಜೆ: 20 × 300 × 300 = 18,00,000. ಇದು ಮಾರಾಟದ ಏರಿಳಿತದ ಪಾಲು.
ಎರಡನೆಯದು: 1,200 × 1,200 × 4 × 4 = 2,30,40,000. ಇದು ಸಪ್ಲೈಯರ್ ತಡದ ಪಾಲು.
ಮೂರನೆಯದು: ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 4,984.
ನಾಲ್ಕನೆಯದು: 95% ಭರವಸೆಗೆ 1.65ರಿಂದ ಗುಣಿಸಿ. ಸುಮಾರು 8,220 ಪೌಚ್. ಇದೇ ಸುರಕ್ಷಾ ದಾಸ್ತಾನು.

ಆರ್ಡರ್ ಹಾಕಬೇಕಾದ ಮಟ್ಟ: 20 × 1,200 + 8,220 = 32,220 ಪೌಚ್. ಲ್ಯಾಮಿನೇಟ್ ರೋಲ್‌ನಲ್ಲಿ, ಕಿಲೋ ಲೆಕ್ಕದಲ್ಲಿ ಬರುತ್ತದೆ. ಒಂದು ಕಿಲೋಗೆ ಎಷ್ಟು ಪೌಚ್ ಬರುತ್ತವೆಂದು ಒಮ್ಮೆ ಅಳೆದಿಟ್ಟುಕೊಂಡು, ರೋಲ್ ಸಂಖ್ಯೆಗೆ ತಿರುಗಿಸಿ ಗೋಡೆಗೆ ಅಂಟಿಸಿ. ಈಗಾಗಲೇ ಆರ್ಡರ್ ಹಾಕಿ ಇನ್ನೂ ಬಾರದಿರುವುದನ್ನು ಕೈಯಲ್ಲಿರುವ ಸ್ಟಾಕಿಗೆ ಕೂಡಿಸಿಯೇ ಈ ಮಟ್ಟಕ್ಕೆ ಹೋಲಿಸಬೇಕು. ಇಲ್ಲದಿದ್ದರೆ ಒಂದೇ ಮಾಲಿಗೆ ಎರಡು ಸಲ ಆರ್ಡರ್ ಹೋಗುತ್ತದೆ.

ಈಗ ಅಂಕಿಗಳನ್ನು ಅಲುಗಾಡಿಸಿ ನೋಡಿ. ಸಪ್ಲೈಯರ್ 20 ದಿನದ ಬದಲು 10 ದಿನಕ್ಕೆ ಕೊಡುತ್ತೇನೆಂದರೂ ಅವರ ಏರಿಳಿತ 4 ದಿನವೇ ಉಳಿದರೆ ಸುರಕ್ಷಾ ದಾಸ್ತಾನು 8,070. ಹೆಚ್ಚೇನೂ ಇಳಿಯಲಿಲ್ಲ. ಅದೇ, 20 ದಿನವನ್ನೇ ತೆಗೆದುಕೊಂಡು ಏರಿಳಿತವನ್ನು 1 ದಿನಕ್ಕೆ ತಂದರೆ 2,970 ಸಾಕು. ಬೇಗ ಕೊಡುವ ಸಪ್ಲೈಯರ್‌ಗಿಂತ ಹೇಳಿದ ದಿನಕ್ಕೆ ಕೊಡುವ ಸಪ್ಲೈಯರ್ ನಿಮ್ಮ ಗೋಡೌನನ್ನು ಹೆಚ್ಚು ಖಾಲಿ ಮಾಡುತ್ತಾನೆ. ಬೆಲೆ ಚೌಕಾಸಿ ಮಾಡುವಾಗ ಇದನ್ನು ಯಾರೂ ಕೇಳುವುದೇ ಇಲ್ಲ.

95% ಯಾಕೆ? 100% ಸಿಗೋ ಹಾಗೆ ಇಟ್ಕೊಂಡ್ರೆ ಆಗಲ್ವಾ?

100%ಕ್ಕೆ ಅಂಕಿಯೇ ಇಲ್ಲ. 99%ಕ್ಕೆ 1.65ರ ಬದಲು 2.33ರಿಂದ ಗುಣಿಸಬೇಕು, ಅಂದರೆ ಸುರಕ್ಷಾ ದಾಸ್ತಾನು 41% ಹೆಚ್ಚು. ನಿಮ್ಮ ಹೆಚ್ಚು ಓಡುವ ಎರಡು ಮೂರು ಉತ್ಪನ್ನಗಳಿಗೆ ಅದು ಸರಿ. ತಿಂಗಳಿಗೆ ಹತ್ತು ಪೆಟ್ಟಿಗೆ ಹೋಗುವ ಪುಳಿಯೋಗರೆ ಪುಡಿಗೆ 90% ಸಾಕು.

ರಟ್ಟಿನ ಪೆಟ್ಟಿಗೆ ಒಂದು ಸಲಕ್ಕೆ ಎಷ್ಟು ತರಿಸಿದ್ರೆ ಲಾಭ?

ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಇಲ್ಲಿ ಸಾಕು. ವರ್ಷದ ಬೇಡಿಕೆಯನ್ನು ಒಂದು ಆರ್ಡರ್‌ನ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ಪೆಟ್ಟಿಗೆಯನ್ನು ಒಂದು ವರ್ಷ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ.

ಪೆಟ್ಟಿಗೆಗೆ 30 ಪೌಚ್‌ನಂತೆ ವರ್ಷಕ್ಕೆ 12,000 ಪೆಟ್ಟಿಗೆ. ಒಂದು ಆರ್ಡರ್‌ಗೆ ಟೆಂಪೋ ಬಾಡಿಗೆ, ಹಮಾಲಿ, ಪರಿಶೀಲನೆ ಸೇರಿ ₹600. ಪೆಟ್ಟಿಗೆ ಬೆಲೆ ₹20, ಬಡ್ಡಿ, ಜಾಗ, ನೆನೆದು ಹಾಳಾಗುವುದು ಎಲ್ಲ ಸೇರಿ ವರ್ಷಕ್ಕೆ 20%, ಅಂದರೆ ₹4. ಉತ್ತರ ಸುಮಾರು 1,900 ಪೆಟ್ಟಿಗೆ, ವರ್ಷಕ್ಕೆ ಆರು ಸಲ.

ಸೂತ್ರದ ಉತ್ತರಕ್ಕಿಂತ ಅದರ ಸ್ವಭಾವ ತಿಳಿಯುವುದು ಉಪಯುಕ್ತ. 1,900ಕ್ಕೆ ವರ್ಷದ ಆರ್ಡರ್ ಖರ್ಚು ಮತ್ತು ಇಟ್ಟುಕೊಳ್ಳುವ ಖರ್ಚು ಸೇರಿ ₹7,590. 1,500 ತರಿಸಿದರೆ ₹7,800, 2,500 ತರಿಸಿದರೆ ₹7,880. ವ್ಯತ್ಯಾಸ ಮೂರು ನಾಲ್ಕು ಶೇಕಡಾ ಮಾತ್ರ. ಹಾಗಾಗಿ ಟೆಂಪೋ ತುಂಬುವಷ್ಟು, ಜಾಗ ಇರುವಷ್ಟು ಎಂದು ಹತ್ತಿರದ ಸಂಖ್ಯೆ ಹಿಡಿಯಿರಿ, ತಲೆಕೆಡಿಸಿಕೊಳ್ಳಬೇಡಿ. 4,000 ತರಿಸಿದರೆ ಮಾತ್ರ ₹9,800 ಆಗುತ್ತದೆ. 4,000ಕ್ಕೆ ಪೆಟ್ಟಿಗೆಗೆ 10 ಪೈಸೆ ಕಡಿಮೆ ಎಂದು ಹೇಳಿದರೆ ವರ್ಷಕ್ಕೆ ಉಳಿಯುವುದು ₹1,200, ಹೆಚ್ಚಾಗುವುದು ₹2,210. 20 ಪೈಸೆ ಕಡಿಮೆಗೆ ಒಪ್ಪಬಹುದು, ಮಳೆಗಾಲ ಅಲ್ಲದಿದ್ದರೆ.

ಮೆಣಸಿನಕಾಯಿ ಸೀಸನ್‌ನಲ್ಲೇ ವರ್ಷಕ್ಕಾಗುವಷ್ಟು ಕೊಂಡು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡ್ಬೇಕಾ? ತಿಂಗಳು ತಿಂಗಳು ತರ್ಬೇಕಾ?

ಮೇಲಿನ ಸೂತ್ರ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಬೆಲೆಯೂ ಗುಣಮಟ್ಟವೂ ವರ್ಷವಿಡೀ ಒಂದೇ ಆಗಿರುವುದಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಆವಕ ಉಕ್ಕುವುದು ಸುಮಾರು ಜನವರಿಯಿಂದ ಮಾರ್ಚ್. ಆಮೇಲೆ ಬರುವುದರಲ್ಲಿ ಹೆಚ್ಚಿನದು ಕೋಲ್ಡ್ ಸ್ಟೋರೇಜ್ ಮಾಲು.

ಇಟ್ಟುಕೊಳ್ಳುವ ಖರ್ಚನ್ನು ಕಿಲೋ ಲೆಕ್ಕಕ್ಕೆ ತನ್ನಿ. ಸೀಸನ್ ಬೆಲೆ ₹200, ಬಡ್ಡಿ ತಿಂಗಳಿಗೆ 1% ಅಂದರೆ ₹2, ಬಾಡಿಗೆ ತಿಂಗಳಿಗೆ ₹1 ಎಂದುಕೊಳ್ಳಿ. ಎಂಟನೇ ತಿಂಗಳು ಹೊರತೆಗೆಯುವ ಕಿಲೋಗೆ ನಿಮಗೆ ಬಿದ್ದ ಬೆಲೆ, ಅಂದರೆ ಒಟ್ಟು ತಗಲಿದ ಖರ್ಚು, ₹224. ತೂಕದಲ್ಲಿ 2% ಇಳಿದಿದ್ದರೆ ₹229. ಆ ತಿಂಗಳು ಮಾರುಕಟ್ಟೆಯಲ್ಲಿ ₹229ಕ್ಕಿಂತ ಕಡಿಮೆಗೆ ಅದೇ ಗುಣಮಟ್ಟ ಸಿಗುತ್ತದೆ ಎಂದು ಅನಿಸಿದರೆ ಇಡುವುದು ದಂಡ.

ಆದರೆ ಬ್ಯಾಡಗಿಯನ್ನು ಕೊಳ್ಳುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಸಾಮಾನ್ಯ ಗೋಡೌನ್‌ನ ಶಾಖ, ಬೆಳಕಿನಲ್ಲಿ ಆ ಬಣ್ಣ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ತಂಪಿನಲ್ಲಿ ನಿಧಾನ. ಆದ್ದರಿಂದ ಮೂರು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಕೋಲ್ಡ್ ಸ್ಟೋರೇಜ್ ಬಾಡಿಗೆ ಉಳಿಸಲು ಹೋಗಬೇಡಿ. ಒಳಗಿಡುವ ಮೊದಲು ತೇವಾಂಶ 11%ದೊಳಗೆ ಇರಲಿ. ಹೆಚ್ಚಿದ್ದರೆ ಬೂಷ್ಟು, ಅದರ ಹಿಂದೆ ಬೂಷ್ಟಿನಿಂದ ಹುಟ್ಟುವ ವಿಷ ಅಫ್ಲಟಾಕ್ಸಿನ್. ಹೊರಗೆ ತಂದ ಚೀಲವನ್ನು ತಕ್ಷಣ ಬಿಚ್ಚಿದರೆ ತಣ್ಣಗಿನ ಕಾಯಿಯ ಮೇಲೆ ಗಾಳಿಯ ನೀರು ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ.

ಸೀಸನ್‌ನ ತಳದ ಬೆಲೆಗೇ ಕೊಳ್ಳುತ್ತೇನೆ ಎಂದು ಕಾಯುವುದು ವ್ಯಾಪಾರಿಯ ಆಟ, ಪುಡಿ ಮಾಡುವವರದಲ್ಲ. ವರ್ಷದ ಅಗತ್ಯದ ಅರ್ಧದಷ್ಟನ್ನು ಜನವರಿಯಿಂದ ಮಾರ್ಚ್‌ವರೆಗೆ ನಾಲ್ಕು ಕಂತಿನಲ್ಲಿ ಕೊಂಡು, ಉಳಿದದ್ದನ್ನು ನೋಡಿಕೊಂಡು ಕೊಳ್ಳುವುದು ಬಹುತೇಕ ಸಣ್ಣ ಘಟಕಗಳಿಗೆ ಸರಿಹೋಗುತ್ತದೆ. ಮುಖ್ಯ ಅಡ್ಡಿ ದುಡ್ಡಿನದು: ಅರಿಸಿನ, ಕೊತ್ತಂಬರಿ, ಕಾಳುಮೆಣಸು ಎಲ್ಲದರ ಹೊಸ ಮಾಲೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಬರುತ್ತದೆ. ಬ್ಯಾಂಕಿನ ಸಾಲದ ಮಿತಿ ಹೆಚ್ಚಿಸಲು ಫೆಬ್ರವರಿಯಲ್ಲಿ ಅರ್ಜಿ ಕೊಟ್ಟರೆ ತಡವಾಯಿತು. ಅಕ್ಟೋಬರ್‌ನಲ್ಲೇ ಮಾತಾಡಿ.

ಒಬ್ರು ₹198 ಅಂತಾರೆ, ಇನ್ನೊಬ್ರು ₹204. ಕಡಿಮೆಗೆ ತಗೊಳ್ಳೋದೇ ತಾನೆ?

₹198ರ ಮಾಲಿನಲ್ಲಿ ತೇವಾಂಶ 12%, ತೊಟ್ಟು ಕಸ 6% ಇದ್ದರೆ, ಕಿಲೋದಲ್ಲಿ ಉಪಯೋಗಕ್ಕೆ ಬರುವ ಒಣ ಭಾಗ 0.88 × 0.94 = 0.827. ಬಿದ್ದ ಬೆಲೆ ₹239. ₹204ರದ್ದರಲ್ಲಿ 10%, 4% ಇದ್ದರೆ 0.864, ಬಿದ್ದ ಬೆಲೆ ₹236. ಅಗ್ಗ ಎಂದದ್ದೇ ದುಬಾರಿ. ತೇವಾಂಶ ಅಳೆಯುವ ಯಂತ್ರವನ್ನು ಖರೀದಿಗೆ ಹೋಗುವವರ ಕೈಯಲ್ಲಿ ಕೊಡಿ, ಘಟಕದಲ್ಲಿ ಬೀಗ ಹಾಕಿಟ್ಟು ಪ್ರಯೋಜನವಿಲ್ಲ. ಚೀಲದ ಮೇಲ್ಭಾಗದಿಂದಲ್ಲ, ನಡುವಿನಿಂದ ಮಾದರಿ ತೆಗೆಯಬೇಕು.

## ಘಟಕದೊಳಗೆ

ದೊಡ್ಡ ಪಲ್ವರೈಸರ್ ಹಾಕ್ಸಿದ್ವಿ. ಉತ್ಪಾದನೆ ಅಷ್ಟೇ ಇದೆ. ಎಲ್ಲಿ ತಪ್ಪಾಯ್ತು?

ಬೀಸುವುದು ನಿಮ್ಮ ಅಡಚಣೆ ಆಗಿರಲಿಲ್ಲ. ಪ್ರತಿ ಹಂತದ ಗಂಟೆಯ ಸಾಮರ್ಥ್ಯವನ್ನು ಸಾಲಾಗಿ ಬರೆಯಿರಿ. ಉದಾಹರಣೆಗೆ, ಹುರಿಯುವುದು 60 ಕಿಲೋ, ಬೀಸುವುದು 80, ಜರಡಿ 100, ಕೈಯಿಂದ ತುಂಬಿ ಸೀಲ್ ಮಾಡುವ ಮೂವರು ತಲಾ ಗಂಟೆಗೆ 150 ಪೌಚ್‌ನಂತೆ 45 ಕಿಲೋ. ಪಟ್ಟಿ ನೋಡಿದವರು ಪ್ಯಾಕಿಂಗ್ ಕಡೆ ಬೆರಳು ತೋರುತ್ತಾರೆ.

ಪಟ್ಟಿಯಲ್ಲಿ ಇಲ್ಲದ ಹಂತ ಒಂದಿದೆ: ಬಿಸಿ ಆರಿಸುವುದು. ಪಲ್ವರೈಸರ್‌ನಿಂದ ಪುಡಿ ಬಿಸಿಯಾಗಿ ಬರುತ್ತದೆ. ಬಿಸಿ ಇರುವಾಗಲೇ ಪೌಚ್‌ಗೆ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಎರಡು ತಿಂಗಳಲ್ಲಿ ಅಂಗಡಿಯಿಂದ ವಾಪಸ್. ಹತ್ತು ಕಿಲೋ ಹಿಡಿಯುವ 20 ಟ್ರೇ ಇದ್ದು, ಆರಲು 6 ಗಂಟೆ ಬೇಕಾದರೆ ಆ ಹಂತದ ಸಾಮರ್ಥ್ಯ 200 ÷ 6, ಗಂಟೆಗೆ 33 ಕಿಲೋ. ಇಡೀ ಘಟಕದ ವೇಗ ಅದೇ. ಲಕ್ಷಗಟ್ಟಲೆ ಕೊಟ್ಟ ಪಲ್ವರೈಸರ್ ಖಾಲಿ ಟ್ರೇಗಾಗಿ ಕಾಯುತ್ತಿರುತ್ತದೆ.

ಪರಿಹಾರ ಅಗ್ಗದ್ದು. ಇನ್ನೂ 20 ಟ್ರೇ ತಂದರೆ 67 ಕಿಲೋ ಆಗುತ್ತದೆ, ಆಗ ನಿಜವಾಗಿಯೂ ಪ್ಯಾಕಿಂಗ್ ಅಡಚಣೆಯಾಗುತ್ತದೆ. ತೆಳ್ಳಗೆ ಹರಡಿದರೆ ಬೇಗ ಆರುತ್ತದೆ, ಟ್ರೇ ಮಾತ್ರ ಹೆಚ್ಚು ಬೇಕು. ಮಧ್ಯಾಹ್ನ ಬೀಸಿ ಮರುದಿನ ಬೆಳಿಗ್ಗೆ ತುಂಬುವಂತೆ ಪಾಳಿ ಹೊಂದಿಸಿದರೆ ರಾತ್ರಿಯೂ ಕೆಲಸಕ್ಕೆ ಬರುತ್ತದೆ. ಆದರೆ ಮಳೆಗಾಲದಲ್ಲಿ ರಾತ್ರಿಯಿಡೀ ತೆರೆದಿಟ್ಟ ಪುಡಿ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕರಾವಳಿ ಮಲೆನಾಡುಗಳಲ್ಲಿ ಇನ್ನೂ ಹೆಚ್ಚು ದಿನ, ಪುಡಿ ಕೋಣೆಯ ಶಾಖಕ್ಕೆ ಇಳಿದ ಕೂಡಲೇ ಮುಚ್ಚಳದ ಡ್ರಮ್‌ಗೆ ಹಾಕಬೇಕು.

ಈ ವಿಚಾರವನ್ನು ಸಿದ್ಧಾಂತವಾಗಿ ಬೆಳೆಸಿದವರು ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್. ಅವರ ಕ್ರಮ ಸರಳ: ಅಡಚಣೆ ಹುಡುಕಿ, ಅದು ಒಂದು ನಿಮಿಷವೂ ಸುಮ್ಮನಿರದಂತೆ ನೋಡಿ, ಉಳಿದ ಯಂತ್ರಗಳನ್ನು ಅದರ ವೇಗಕ್ಕೆ ಒಗ್ಗಿಸಿ, ಆಮೇಲಷ್ಟೇ ದುಡ್ಡು ಹಾಕಿ ಸಾಮರ್ಥ್ಯ ಹೆಚ್ಚಿಸಿ, ಅಡಚಣೆ ಜಾಗ ಬದಲಿಸಿದರೆ ಮತ್ತೆ ಮೊದಲಿಂದ. ನಮ್ಮಲ್ಲಿ ನಾಲ್ಕನೆಯದರಿಂದ ಶುರು ಮಾಡುವವರೇ ಹೆಚ್ಚು.

ಒಂದೇ ದಿನ ಐದು ಬಗೆ ಪುಡಿ ಮಾಡ್ಬೇಕಾಗುತ್ತೆ. ಅರ್ಧ ದಿನ ಕ್ಲೀನಿಂಗ್‌ಗೇ ಹೋಗುತ್ತೆ.

ಮೊದಲು ಕ್ರಮ ಬದಲಿಸಿ. ತಿಳಿ ಬಣ್ಣ, ಕಡಿಮೆ ವಾಸನೆಯದು ಮೊದಲು; ಗಾಢ ಬಣ್ಣ, ಗಟ್ಟಿ ವಾಸನೆಯದು ಕೊನೆಗೆ. ಕೊತ್ತಂಬರಿ ಪುಡಿ, ರಸಂ ಪುಡಿ, ಸಾಂಬಾರ್ ಪುಡಿ, ಖಾರದ ಪುಡಿ, ಗರಂ ಮಸಾಲೆ ಎಂಬ ಸಾಲಿನಲ್ಲಿ ನಡುವೆ ಗುಡಿಸಿ ಗಾಳಿ ಊದಿದರೆ ಸಾಕಾಗುವ ಕಡೆಗಳೂ ಇವೆ, ಪೂರ್ತಿ ತೊಳೆತ ಕೊನೆಗೆ ಒಮ್ಮೆ. ಇಂಗು, ಸಾಸಿವೆ ಬೀಳುವವು ಮಾತ್ರ ಬಣ್ಣ ಏನೇ ಇದ್ದರೂ ಕೊನೆಗೇ: ಮಾರುಕಟ್ಟೆಯ ಬೆರಕೆ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ, ಅಲರ್ಜಿ ಇರುವವರಿಗೆ ಅದು ಸ್ವಲ್ಪ ತಾಗಿದರೂ ಅಪಾಯ. ರಸಂ, ಸಾಂಬಾರ್ ಪುಡಿಗೆ ಇಂಗು ಹಾಕುವುದಾದರೆ ಬೀಸಿದ ಮೇಲೆ ಬೆರೆಸುವ ಡ್ರಮ್‌ನಲ್ಲಿ ಹಾಕಿ, ಯಂತ್ರಕ್ಕೆ ತಾಗುವುದಿಲ್ಲ.

ಎರಡನೆಯದು, ಯಂತ್ರ ನಿಂತಿರುವಾಗಲೇ ಮಾಡಬೇಕಾದ ಕೆಲಸವನ್ನೂ ಯಂತ್ರ ಓಡುತ್ತಿರುವಾಗ ಮಾಡಿಟ್ಟುಕೊಳ್ಳಬಹುದಾದ ಕೆಲಸವನ್ನೂ ಬೇರ್ಪಡಿಸಿ. ಜಪಾನಿನ ಶಿಗೆಯೊ ಶಿಂಗೊ ಕಾರ್ಖಾನೆಗಳ ದೊಡ್ಡ ಪ್ರೆಸ್‌ಗಳಿಗೆ ಹೇಳಿಕೊಟ್ಟ ಉಪಾಯ ಇದೇ. ಇನ್ನೊಂದು ಜೊತೆ ಜರಡಿ ಬಲೆ, ಬಟ್ಟೆಯ ಧೂಳು ಚೀಲ ಇಟ್ಟುಕೊಂಡರೆ ಕೊಳೆಯಾದದ್ದನ್ನು ತೆಗೆದು ತೊಳೆದದ್ದನ್ನು ಹಾಕಿ ಮುಂದುವರಿಯಬಹುದು. ಬದಲಾವಣೆಗೆ 40 ನಿಮಿಷ ಹಿಡಿಯುತ್ತಿದ್ದದ್ದು 15ಕ್ಕೆ ಇಳಿದರೆ, ದಿನಕ್ಕೆ ಐದು ಬದಲಾವಣೆಯಲ್ಲಿ ಎರಡು ಗಂಟೆಗೂ ಹೆಚ್ಚು ಉಳಿಯಿತು.

ಆರ್ಡರ್ ಕೊಟ್ರೆ ಎಷ್ಟು ದಿನಕ್ಕೆ ಕೊಡ್ತೀರಿ ಅಂತ ಕೇಳ್ತಾರೆ. ಏನ್ ಹೇಳೋದು?

ಒಳಗೆ ಅರ್ಧಂಬರ್ಧ ಇರುವ ಮಾಲನ್ನು ದಿನದ ಉತ್ಪಾದನೆಯಿಂದ ಭಾಗಿಸಿ. ಹುರಿದದ್ದು, ಬೀಸಿದ್ದು, ಆರುತ್ತಿರುವುದು ಎಲ್ಲ ಸೇರಿ 900 ಕಿಲೋ ಇದ್ದು ದಿನಕ್ಕೆ 120 ಕಿಲೋ ಹೊರಬೀಳುತ್ತಿದ್ದರೆ ಏಳೂವರೆ ದಿನ. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಇದನ್ನು ಗಣಿತವಾಗಿ ಸಾಧಿಸಿ ತೋರಿಸಿದರು. ಬೇಗ ಕೊಡಬೇಕಿದ್ದರೆ ಹೊಸ ಬ್ಯಾಚ್ ಶುರು ಮಾಡುವುದನ್ನು ಕಡಿಮೆ ಮಾಡಿ ಇರುವುದನ್ನು ಮುಗಿಸಬೇಕು. ಕೆಲಸದವರು ಖಾಲಿ ಇದ್ದಾರೆಂದು ಇನ್ನಷ್ಟು ಹುರಿಸಿದರೆ ಕೊಡುವ ದಿನ ಇನ್ನೂ ಮುಂದಕ್ಕೆ ಹೋಗುತ್ತದೆ.

## ಗೇಟಿನ ಹೊರಗೆ

ಲ್ಯಾಮಿನೇಟ್‌ಗೆ ಒಬ್ರೇ ಸಪ್ಲೈಯರ್. ಇನ್ನೊಬ್ರನ್ನ ಹಿಡಿಬೇಕಾ?

ಲ್ಯಾಮಿನೇಟ್ ಮೇಲೆ ಮಾಡುವ ಗ್ರಾವ್ಯೂರ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಚಿತ್ರ ಕೊರೆದ ಒಂದು ಸಿಲಿಂಡರ್. ಅದಕ್ಕೆ ದುಡ್ಡು ಕೊಡುವವರು ನೀವು, ಅದು ಇರುವುದು ಅವರ ಹತ್ತಿರ. ಸಿಲಿಂಡರ್ ನಿಮ್ಮದು, ಕೇಳಿದಾಗ ಕೊಡಬೇಕು ಎಂದು ಮೊದಲ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಆ ಕಾಗದ ಇಲ್ಲದೆ ಎರಡನೇ ಸಪ್ಲೈಯರ್ ಎಂಬ ಮಾತೇ ಇಲ್ಲ. ಆಮೇಲೆ ಹೆಚ್ಚು ಓಡುವ ಪೌಚನ್ನು ಒಬ್ಬರಿಗೆ, ಉಳಿದವನ್ನು ಇನ್ನೊಬ್ಬರಿಗೆ ಹಂಚಬಹುದು. ವರ್ಷಕ್ಕೊಮ್ಮೆಯೂ ಆರ್ಡರ್ ಹೋಗದ 'ಎರಡನೇ ಸಪ್ಲೈಯರ್' ಕಷ್ಟಕಾಲದಲ್ಲಿ ಫೋನ್ ಎತ್ತುವುದಿಲ್ಲ.

ಡಿಸ್ಟ್ರಿಬ್ಯೂಟರ್ ಒಂದು ತಿಂಗಳು 200 ಪೆಟ್ಟಿಗೆ ಕೇಳ್ತಾರೆ, ಮುಂದಿನ ತಿಂಗಳು 20. ಜನ ಸಾಂಬಾರ್ ಮಾಡೋದು ಅಷ್ಟು ಏರಿಳಿತ ಆಗುತ್ತಾ?

ಆಗುವುದಿಲ್ಲ. ಮನೆಯಲ್ಲಿ ಖರ್ಚಾಗುವುದು ಹೆಚ್ಚುಕಡಿಮೆ ಸಮ. ಅಂಗಡಿಯಿಂದ ಡಿಸ್ಟ್ರಿಬ್ಯೂಟರ್‌ಗೆ, ಅಲ್ಲಿಂದ ನಿಮಗೆ ಬರುವಷ್ಟರಲ್ಲಿ ಏರಿಳಿತ ಹಿಗ್ಗುತ್ತದೆ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮಗುವಿನ ಡೈಪರ್ ಮಾರಾಟದಲ್ಲಿ ಇದನ್ನೇ ಕಂಡಿತು: ಮಕ್ಕಳ ಬಳಕೆ ಸಮ, ಕಾರ್ಖಾನೆಗೆ ಬರುವ ಆರ್ಡರ್ ಮಾತ್ರ ಕುಣಿಯುತ್ತಿತ್ತು. 1997ರಲ್ಲಿ ಹಾವ್ ಲೀ, ಪದ್ಮನಾಭನ್, ವಾಂಗ್ ಎಂಬ ಸಂಶೋಧಕರು ಇದರ ಕಾರಣಗಳನ್ನು ವಿಂಗಡಿಸಿ ಬರೆದರು.

ನಿಮ್ಮಲ್ಲಿ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹತ್ತು ಪೆಟ್ಟಿಗೆಗೆ ಒಂದು ಉಚಿತ ಎಂಬ ಸ್ಕೀಮ್ ಕೊಟ್ಟಿದ್ದು ನೀವೇ. ಎರಡು ತಿಂಗಳಿನದನ್ನು ಅವರು ಆಗಲೇ ಎತ್ತಿಕೊಂಡರು. ತಿಂಗಳ ಕೊನೆಯ ಟಾರ್ಗೆಟ್‌ಗೆ ಸೇಲ್ಸ್ ಹುಡುಗರು ಮಾಲು ತುರುಕಿದರು. ಕಳೆದ ಸಲ ಮಾಲು ಸಾಲದೆ ಕೇಳಿದ್ದರಲ್ಲಿ ಅರ್ಧ ಕಳಿಸಿದಿರಿ, ಈ ಸಲ ಅವರು ಎರಡರಷ್ಟು ಕೇಳಿದರು.

ಡಿಸ್ಟ್ರಿಬ್ಯೂಟರ್ ಅಂಗಡಿಗಳಿಗೆ ಎಷ್ಟು ಕೊಟ್ಟರು, ಅವರ ಗೋಡೌನ್‌ನಲ್ಲಿ ಎಷ್ಟು ಉಳಿದಿದೆ ಎಂಬ ಎರಡು ಅಂಕಿಯನ್ನು ಪ್ರತಿ ಸೋಮವಾರ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಉತ್ಪಾದನೆಯನ್ನು ಆ ಮೊದಲ ಅಂಕಿಗೆ ಹೊಂದಿಸಿ, ನಿಮಗೆ ಬಂದ ಆರ್ಡರ್‌ಗಲ್ಲ. ಸ್ಕೀಮ್ ಬದಲು ವರ್ಷವಿಡೀ ಒಂದೇ ದರ ಕೊಟ್ಟರೆ ಏರಿಳಿತ ಅರ್ಧಕ್ಕರ್ಧ ತಾನಾಗಿ ಅಡಗುತ್ತದೆ. ಮಾರಾಟ ವಿಭಾಗ ಒಪ್ಪುವುದಿಲ್ಲ, ಅದು ಬೇರೆ ಜಗಳ.

ಹಬ್ಬದ ತಿಂಗಳ ಮಾರಾಟ ಕಳೆದ ವರ್ಷದ ಅದೇ ತಿಂಗಳು ನೋಡಿ ಅಂದಾಜು ಮಾಡಿದ್ವಿ. ಪೂರ್ತಿ ತಪ್ಪಾಯ್ತು.

ಕ್ಯಾಲೆಂಡರ್ ತಿಂಗಳಿಗೆ ಹಬ್ಬ ಬದ್ಧವಲ್ಲ. ಗಣೇಶ ಚತುರ್ಥಿ 2025ರಲ್ಲಿ ಆಗಸ್ಟ್ 27; ಜ್ಯೇಷ್ಠ ಅಧಿಕ ಮಾಸ ಬಂದ 2026ರಲ್ಲಿ ಸೆಪ್ಟೆಂಬರ್ 14. ಆಗಸ್ಟ್‌ಗೆ ಆಗಸ್ಟ್ ಹೋಲಿಸಿದರೆ ಒಂದು ಕಡೆ ಮಾಲು ಕೊಳೆಯುತ್ತದೆ, ಇನ್ನೊಂದು ಕಡೆ ಸಾಲುವುದಿಲ್ಲ. ಮಾರಾಟವನ್ನು ವಾರದ ಲೆಕ್ಕದಲ್ಲಿ ಇಟ್ಟು, 'ಹಬ್ಬಕ್ಕೆ ಎಷ್ಟು ವಾರ ಮೊದಲು' ಎಂದು ಗುರುತು ಹಾಕಿ ಹೋಲಿಸಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಅಡುಗೆ ಕಂಟ್ರಾಕ್ಟರ್‌ಗಳ ದೊಡ್ಡ ಪ್ಯಾಕ್ ಆರ್ಡರ್ ಇಳಿಯುತ್ತದೆ. ಅದಕ್ಕೂ ಪಂಚಾಂಗವೇ ದಾರಿ.

ಹಬ್ಬವಿಲ್ಲದ ವಾರಗಳಿಗೆ ಕಳೆದ ಎಂಟು ವಾರಗಳ ಸರಾಸರಿ ಸಾಕು. ಅಂದಾಜು ತಪ್ಪುವುದು ಸಹಜ, ಒಂದೇ ದಿಕ್ಕಿಗೆ ತಪ್ಪುತ್ತಲೇ ಇದ್ದರೆ ಮಾತ್ರ ವಿಚಾರ ಮಾಡಿ. ಮಾಲು ಇಲ್ಲದೆ ಹಿಂದಿರುಗಿಸಿದ ಆರ್ಡರನ್ನೂ ಬೇಡಿಕೆ ಎಂದೇ ಬರೆಯಿರಿ.

ಇ-ವೇ ಬಿಲ್ ವಿಷಯದಲ್ಲಿ ಗಾಡಿ ಎಲ್ಲಿ ಸಿಕ್ಕಿಬೀಳುತ್ತೆ?

ಇ-ವೇ ಬಿಲ್ ಎಂದರೆ ಸರಕು ಸಾಗಿಸಲು ಜಿಎಸ್‌ಟಿ ವ್ಯವಸ್ಥೆಯಲ್ಲಿ ಆನ್‌ಲೈನ್ ಮಾಡಿಕೊಳ್ಳುವ ದಾಖಲೆ. ಸರಕಿನ ಮೌಲ್ಯ ತೆರಿಗೆ ಸೇರಿ ₹50,000 ದಾಟಿದರೆ ಅದು ಬೇಕು. ಸರಕು ಸಾಗಣೆಗೆ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ. ತೊಂದರೆ ಆಗುವುದು ಎರಡು ಕಡೆ: ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಹಾಕಿದಾಗ ಬಿಲ್‌ನ ವಾಹನದ ವಿವರವಿರುವ ಭಾಗ ಬಿಯಲ್ಲಿ ಹೊಸ ವಾಹನ ಸಂಖ್ಯೆ ಹಾಕುವುದಿಲ್ಲ; ಅವಧಿ ಮುಗಿಯುವುದಕ್ಕೆ 8 ಗಂಟೆ ಮೊದಲಿನಿಂದ ಮುಗಿದು 8 ಗಂಟೆಯೊಳಗೆ ಮಾತ್ರ ವಿಸ್ತರಿಸಬಹುದು ಎಂಬುದು ಚಾಲಕನಿಗೆ ಗೊತ್ತಿರುವುದಿಲ್ಲ.

ವ್ಯಾಪಾರ ಏರ್ತಾ ಇದೆ, ಕೈಯಲ್ಲಿ ದುಡ್ಡಿಲ್ಲ. ಸೂಪರ್‌ಮಾರ್ಕೆಟ್‌ನವ್ರು 90 ದಿನ ಅಂತಾರೆ.

ನಿಮ್ಮ ರೂಪಾಯಿ ಎಷ್ಟು ದಿನ ಹೊರಗಿದೆ ಎಂದು ಎಣಿಸಿ. ಕಚ್ಚಾ ಮಾಲು 45 ದಿನ, ಸಿದ್ಧ ಮಾಲು 15 ದಿನ, ಗಿರಾಕಿಯಿಂದ ಬರಲು ಸರಾಸರಿ 50 ದಿನ, ನೀವು ಸಪ್ಲೈಯರ್‌ಗೆ ಕೊಡುವುದು 15 ದಿನಕ್ಕೆ. 45 + 15 + 50 − 15 = 95 ದಿನ. ದಿನಕ್ಕೆ ₹30,000ದ ಮಾಲು ಎಂದರೆ ₹28.5 ಲಕ್ಷ ಸದಾ ಸಿಕ್ಕಿಹಾಕಿಕೊಂಡಿರುತ್ತದೆ. ವ್ಯಾಪಾರ ಎರಡರಷ್ಟಾದರೆ ಅದೂ ಎರಡರಷ್ಟು. ಲಾಭವಿದ್ದೂ ಬಾಗಿಲು ಹಾಕುವ ಘಟಕಗಳು ಮುಗ್ಗರಿಸುವುದು ಇಲ್ಲೇ.

ಉದ್ಯಮ್ (ಕೇಂದ್ರ ಸರ್ಕಾರದ ಸಣ್ಣ ಉದ್ಯಮಗಳ) ನೋಂದಣಿ ಇರುವ ಸೂಕ್ಷ್ಮ, ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದವಿದ್ದರೂ ಗಿರಾಕಿ ಹಣ ಕೊಡುವುದು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ, ಗಡುವು ಮೀರಿದ ಬಾಕಿಯನ್ನು ಕೊಳ್ಳುವವರು ಹಣ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಆದ್ದರಿಂದ ಮಾರ್ಚ್‌ಗೆ ಮುಂಚೆ ಉದ್ಯಮ್ ಸಂಖ್ಯೆ ಮುದ್ರಿಸಿದ ಇನ್‌ವಾಯ್ಸ್ ಪಟ್ಟಿಯನ್ನು ಅವರ ಅಕೌಂಟ್ಸ್ ವಿಭಾಗಕ್ಕೆ ಕಳಿಸಿ. ಬಡ್ಡಿ ಕೇಳಿ ಪ್ರಕರಣ ಹಾಕಿದರೆ ಗಿರಾಕಿ ಹೋಗುತ್ತಾನೆ ಎಂಬ ಭಯ ನಿಜ. ತೆರಿಗೆಯ ಪಟ್ಟಿ ಕಳಿಸುವುದರಲ್ಲಿ ಆ ಭಯವಿಲ್ಲ.

ಒಂದು ಬ್ಯಾಚ್ ಕೆಟ್ಟಿದೆ ಅಂತ ದೂರು ಬಂದ್ರೆ ಮಾರುಕಟ್ಟೆಯಿಂದ ವಾಪಸ್ ತರೋದು ಹೇಗೆ?

2024ರ ಏಪ್ರಿಲ್‌ನಲ್ಲಿ ಎಥಿಲೀನ್ ಆಕ್ಸೈಡ್ (ಸೂಕ್ಷ್ಮಾಣು ಕೊಲ್ಲಲು ಬಳಸುವ ರಾಸಾಯನಿಕ) ಅಂಶದ ಕಾರಣಕ್ಕೆ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರತದ ಕೆಲವು ಮಸಾಲೆಗಳ ಮೇಲೆ ಕ್ರಮವಾದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ವಾಪಸ್ ತರುವ ಸಾಮರ್ಥ್ಯ ದೂರು ಬಂದ ದಿನ ಹುಟ್ಟುವುದಿಲ್ಲ, ಪ್ಯಾಕ್ ಮಾಡಿದ ದಿನ ಹುಟ್ಟಬೇಕು.

ಪ್ರತಿ ಬ್ಯಾಚ್‌ಗೂ ಒಂದು ಕಾಗದ: ಯಾವ ಲಾಟ್‌ನ ಮೆಣಸಿನಕಾಯಿ, ಯಾರಿಂದ, ಎಷ್ಟು ಕಿಲೋ, ಯಾವ ರೋಲ್, ಬೀಸಿದ ದಿನ, ಎಷ್ಟು ಪೌಚ್. ಇನ್‌ವಾಯ್ಸ್‌ನಲ್ಲಿ ಬ್ಯಾಚ್ ಸಂಖ್ಯೆ ಕಡ್ಡಾಯ. ಉಳಿದ ಪುಡಿಯನ್ನು ಮರುದಿನದ ಬ್ಯಾಚ್‌ಗೆ ಬೆರೆಸುವ ಅಭ್ಯಾಸವಿದ್ದರೆ ಅದನ್ನೂ ಬರೆಯಬೇಕು. ಈ ಬೆರಕೆಯೇ ಒಂದು ಬ್ಯಾಚ್‌ನ ತೊಂದರೆಯನ್ನು ಇಡೀ ತಿಂಗಳಿಗೆ ಹರಡುವುದು. ಸಾಧ್ಯವಾದರೆ ವಾರದ ಕೊನೆಗೆ ಉಳಿಕೆಯನ್ನು ಬೇರೆಯೇ ಬ್ಯಾಚ್ ಆಗಿ ಮುಗಿಸಿ. ಪ್ರತಿ ಬ್ಯಾಚ್‌ನ ಎರಡು ಪೌಚ್ ಮಾದರಿಯಾಗಿ ಅವಧಿ ಮುಗಿಯುವವರೆಗೆ ಇಟ್ಟಿರಬೇಕು.

ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ನೋಡಿ. ಅಂಗಡಿಯಿಂದ ಯಾವುದಾದರೂ ಒಂದು ಪೌಚ್ ಕೊಂಡು ತಂದು, ಅದರ ಬ್ಯಾಚ್ ಸಂಖ್ಯೆಯಿಂದ ಹಿಂದಕ್ಕೆ ಮೆಣಸಿನಕಾಯಿಯ ಲಾಟ್‌ವರೆಗೆ, ಆ ಲಾಟ್‌ನಿಂದ ಮುಂದಕ್ಕೆ ಅದು ಸೇರಿದ ಎಲ್ಲ ಬ್ಯಾಚ್‌ಗಳ ಡಿಸ್ಟ್ರಿಬ್ಯೂಟರ್‌ಗಳವರೆಗೆ ಹೋಗಿ. ಮಾಡಿದ ಪೌಚ್‌ಗಳ ಸಂಖ್ಯೆಗೆ ಮಾರಿದ್ದು, ಗೋಡೌನ್‌ನಲ್ಲಿ ಇರುವುದು, ಮಾದರಿಗೆ ಇಟ್ಟಿದ್ದು, ಹಾಳಾದದ್ದು ಕೂಡಿ ತಾಳೆಯಾಗಬೇಕು. ನಾಲ್ಕು ಗಂಟೆಯೊಳಗೆ ಮುಗಿದರೆ ವ್ಯವಸ್ಥೆ ಸರಿಯಿದೆ. ಡಿಸ್ಟ್ರಿಬ್ಯೂಟರ್ ಹತ್ತಿರವೇ ದಾರಿ ಕಡಿದುಹೋಗುವುದು ಸಾಮಾನ್ಯ, ಏಕೆಂದರೆ ಅವರು ಅಂಗಡಿಗೆ ಕೊಡುವ ಬಿಲ್‌ನಲ್ಲಿ ಬ್ಯಾಚ್ ಬರೆಯುವುದಿಲ್ಲ. ಅವರಿಂದ ಬ್ಯಾಚ್ ಬಂದ ದಿನಾಂಕ ಮತ್ತು ಆ ವಾರ ಮಾಲು ಹೋದ ಅಂಗಡಿಗಳ ಪಟ್ಟಿಯನ್ನಾದರೂ ಇಡಿಸಿ.